ಪೋಲೆಂಡ್ ಎಲ್ಲಿಗೆ ಹೋಯ್ತು, ಉಕ್ರೇನ್ ಎಲ್ಲಿ ನಿಂತಿತು: ಮಾರುಕಟ್ಟೆ ಬಿಟ್ಟುಕೊಟ್ಟರೆ ಸಾಕಾ?

ಕಾಫಿತೋಟದ ಮಗಳು

ಎಲ್ಲರಿಗೂ ನಮಸ್ಕಾರ. ನಾನು ಪೋಲೆಂಡಿನ ವುಚ್ ಊರಿನಲ್ಲಿ ಎಂಟು ವರ್ಷದಿಂದ ಇದ್ದೇನೆ. ಒಂದು ಕಾಲಕ್ಕೆ ಇದು ಬಟ್ಟೆ ಗಿರಣಿಗಳ ಊರು, ನಮ್ಮ ದಾವಣಗೆರೆ ಇದ್ದ ಹಾಗೆ. ಈಗ ಆ ಕೆಂಪು ಇಟ್ಟಿಗೆಯ ಗಿರಣಿಗಳಲ್ಲಿ ಮಾಲ್, ಆಫೀಸು, ಬಾಡಿಗೆ ಮನೆ.

ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಹದಿನೇಳನೇ ವಯಸ್ಸಿಗೆ ಗಿರಣಿ ಸೇರಿದವರು. ಮಗ್ಗದ ಸದ್ದಿಗೆ ಒಂದು ಕಿವಿ ಮಂದ. ಮೊನ್ನೆ ಬೀರುವಿನಿಂದ ಒಂದು ಬಿಸ್ಕತ್ ಡಬ್ಬ ತೆಗೆದು ತೋರಿಸಿದರು. ಒಳಗೆ 1980ರ ದಶಕದ ರೇಷನ್ ಚೀಟಿಗಳು. ಚೀಟಿ ತುಂಬಾ ಪುಟ್ಟ ಪುಟ್ಟ ಚೌಕ. ಮಾಂಸ ಕೊಟ್ಟಾಗ ಅಂಗಡಿಯವಳು ಕತ್ತರಿ ಹಾಕಿ ಒಂದೊಂದೇ ಚೌಕ ತೆಗೆದುಕೊಳ್ಳುತ್ತಿದ್ದಳಂತೆ. "ಚೀಟಿ ಇದ್ದರೆ ಮಾಂಸ ಸಿಗುತ್ತೆ ಅಂತಲ್ಲ ಮಗಳೇ, ಕ್ಯೂ ನಿಲ್ಲೋಕೆ ಹಕ್ಕು ಸಿಗುತ್ತೆ, ಅಷ್ಟೇ" ಅಂದರು. ಟಾಯ್ಲೆಟ್ ಪೇಪರ್ ಬಂದ ದಿನ ಜನ ಹತ್ತು ಸುರುಳಿ ದಾರಕ್ಕೆ ಪೋಣಿಸಿ, ಹಾರದ ಹಾಗೆ ಕೊರಳಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದರಂತೆ. 1981ರ ಜುಲೈನಲ್ಲಿ ಇದೇ ಊರಿನ ಹೆಂಗಸರು ಮಕ್ಕಳನ್ನು ಕರೆದುಕೊಂಡು, ಊಟಕ್ಕಿಲ್ಲ ಅಂತ ಬೀದಿಗೆ ಇಳಿದಿದ್ದರು. ಆ ಮೆರವಣಿಗೆಯಲ್ಲಿ ಈ ಅಜ್ಜಿಯೂ ಇದ್ದರು.

ಹಾಗಾದರೆ ಕಮ್ಯುನಿಸ್ಟ್ ಆಡಳಿತ ಹೋದಾಗ ಖುಷಿ ಆಯ್ತಾ ಅಂತ ಕೇಳಿದೆ. "ಆಯ್ತು. ಎರಡು ವರ್ಷಕ್ಕೆ ನನ್ನ ಕೆಲಸವೂ ಹೋಯ್ತು" ಅಂದರು.

ನನ್ನ ಪ್ರಶ್ನೆ ಇದು. ಮಾರುಕಟ್ಟೆಗೆ ಸ್ವಾತಂತ್ರ್ಯ ಕೊಟ್ಟರು, ದೇಶ ಬೆಳೆಯಿತು, ಕಥೆ ಮುಗಿಯಿತು ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ 1990ರಲ್ಲಿ ಪೋಲೆಂಡ್, ಉಕ್ರೇನ್ ಎರಡೂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿದ್ದವು. 2022ರ ಯುದ್ಧಕ್ಕೆ ಮೊದಲೇ ಪೋಲೆಂಡಿನ ತಲಾ ಆದಾಯ ಎರಡು ಪಟ್ಟಿಗಿಂತ ಜಾಸ್ತಿ ಆಗಿತ್ತು. ಉಕ್ರೇನಿನಲ್ಲೂ ಕಮ್ಯುನಿಸಂ ಹೋಗಿತ್ತಲ್ವಾ? ವ್ಯತ್ಯಾಸ ಎಲ್ಲಿ ಬಂತು?

ಲೆಕ್ಕದ ಟೀಚರ್

ಒಂದು ತಿದ್ದುಪಡಿ ಮೇಡಂ. ಸೋವಿಯತ್ ಕಾಲದ ಲೆಕ್ಕವನ್ನು ಹಾಗೇ ನಂಬುವ ಹಾಗಿಲ್ಲ. ಯಾರೂ ಕೊಳ್ಳದ ಬೂಟು ಮಾಡಿ ಗೋದಾಮಿನಲ್ಲಿ ಇಟ್ಟರೂ ಅದು ಉತ್ಪಾದನೆ ಅಂತಲೇ ಲೆಕ್ಕಕ್ಕೆ ಬರುತ್ತಿತ್ತು. ಹಾಗಾಗಿ "ಒಂದೇ ಮಟ್ಟ" ಅನ್ನುವುದು ಅಂದಾಜು. ಆಮೇಲೆ ಹುಟ್ಟಿದ ಅಂತರ ಮಾತ್ರ ನಿಜ, ಅದರಲ್ಲಿ ತಕರಾರಿಲ್ಲ.

ಬಯಲುಸೀಮೆ

ಉತ್ತರ ಸರಳ ಇದೆ. ಪೋಲೆಂಡ್ ಒಂದೇ ಏಟಿಗೆ ಮಾಡಿತು, ಉಕ್ರೇನ್ ಎಳೆದಾಡಿತು. 1990ರ ಜನವರಿ 1ರಂದು ಹಣಕಾಸು ಮಂತ್ರಿ ಲೆಶೆಕ್ ಬಾಲ್ತ್ಸೆರೊವಿಚ್ ಬಹುತೇಕ ವಸ್ತುಗಳ ಬೆಲೆ ಮೇಲಿನ ಸರ್ಕಾರದ ಹಿಡಿತ ಬಿಟ್ಟರು. ಸಬ್ಸಿಡಿ ಕತ್ತರಿಸಿದರು, ಪೋಲೆಂಡಿನ ದುಡ್ಡು ಝ್ಲೋಟಿಯನ್ನು ಡಾಲರಿಗೆ ಸಲೀಸಾಗಿ ಬದಲಾಯಿಸುವ ಹಾಗೆ ಮಾಡಿದರು. ಆ ಒಂದೇ ತಿಂಗಳಲ್ಲಿ ಬೆಲೆ ಸುಮಾರು 80% ಏರಿತು. ಜನ ಹೌಹಾರಿದರು. ಆದರೆ ಕೆಲವೇ ವಾರದಲ್ಲಿ ಅಂಗಡಿಗೆ ಮಾಲು ಬಂತು, ಕ್ಯೂ ಹೋಯ್ತು.

ಉಕ್ರೇನ್ ಏನು ಮಾಡಿತು? ನಷ್ಟದ ಕಾರ್ಖಾನೆ, ಸಾಮೂಹಿಕ ಜಮೀನು ಎಲ್ಲಕ್ಕೂ ನೋಟು ಅಚ್ಚು ಹಾಕಿ ಕೊಟ್ಟಿತು. 1993ರಲ್ಲಿ ಹಣದುಬ್ಬರ 10,000% ದಾಟಿತು. ಜನರ ಉಳಿತಾಯವೆಲ್ಲ ನೀರಿನಲ್ಲಿ ಹೋಮ. ಸ್ಥಿರವಾದ ದುಡ್ಡು, ಹ್ರಿವ್ನಿಯಾ, ಬಂದಿದ್ದೇ 1996ರಲ್ಲಿ.

ಕೆಂಪು ದಾಸವಾಳ

ಬಯಲುಸೀಮೆ ಅವರೇ, ರಷ್ಯಾ ಕೂಡ ಒಂದೇ ಏಟಿಗೇ ಮಾಡಿತು. 1992ರ ಜನವರಿ 2ಕ್ಕೆ ಬೆಲೆ ಬಿಟ್ಟರು. ಅಲ್ಲಿ ಹೋಗಿದ್ದು ಕ್ಯೂ ಒಂದೇ ಅಲ್ಲ, ಜನರ ಆಯಸ್ಸೂ ಹೋಯ್ತು. ಗಂಡಸರ ಸರಾಸರಿ ಆಯಸ್ಸು 1990ರಲ್ಲಿ 64ರ ಹತ್ತಿರ ಇದ್ದಿದ್ದು 1994ಕ್ಕೆ 58ಕ್ಕಿಂತ ಕೆಳಗೆ ಇಳಿಯಿತು. ಯುದ್ಧ ಇಲ್ಲದ ಕಾಲದಲ್ಲಿ, ಓದು ಬರಹ ಬಲ್ಲ ದೇಶದಲ್ಲಿ! ಇದನ್ನು "ಎಳೆದಾಡಿದ್ದಕ್ಕೆ ಹೀಗಾಯ್ತು" ಅಂತ ತಳ್ಳಿಹಾಕಬೇಡಿ.

ಪ್ರತಿಯೊಬ್ಬ ಪ್ರಜೆಗೂ 10,000 ರೂಬಲ್ ಮುಖಬೆಲೆಯ ಒಂದು ಓಚರ್ ಕೊಟ್ಟರು. ದೇಶದ ಕಾರ್ಖಾನೆಗಳಲ್ಲಿ ನಿಮ್ಮ ಪಾಲು ಇದು ಅಂದರು. ಒಂದು ಓಚರ್ ಮುಂದೆ ಎರಡು ವೋಲ್ಗಾ ಕಾರಿನಷ್ಟು ಬೆಲೆ ಬಾಳುತ್ತದೆ ಅಂತ ಖಾಸಗೀಕರಣ ನೋಡಿಕೊಳ್ಳುತ್ತಿದ್ದ ಅನತೋಲಿ ಚುಬೈಸ್ ಹೇಳಿದ್ದರು. ಹಣದುಬ್ಬರದಲ್ಲಿ ಜನ ಅದನ್ನು ಬೀದಿಯಲ್ಲಿ ಪುಡಿಗಾಸಿಗೆ ಮಾರಿಕೊಂಡರು. ಕೊಂಡವರು ಯಾರು ಅಂತ ಮುಂದಿನ ಹತ್ತು ವರ್ಷದಲ್ಲಿ ಎಲ್ಲರಿಗೂ ಗೊತ್ತಾಯ್ತು.

ಬಯಲುಸೀಮೆ

ಒಪ್ಪಿದೆ. ಆದರೆ ರಷ್ಯಾದಲ್ಲಿ ಬೆಲೆ ಬಿಟ್ಟ ಮೇಲೂ ಕೇಂದ್ರ ಬ್ಯಾಂಕು ಕಾರ್ಖಾನೆಗಳಿಗೆ ಸಾಲ ಸುರಿಯುತ್ತಲೇ ಇತ್ತು. ಅರ್ಧ ಔಷಧಿ ಕೊಟ್ಟು ರೋಗಿ ಸತ್ತ ಅಂದರೆ ಹೇಗೆ?

ಕೆಂಪು ದಾಸವಾಳ

ರೋಗಿ ಸತ್ತಾಗಲೆಲ್ಲ "ಔಷಧಿ ಕಡಿಮೆ ಆಯ್ತು" ಅನ್ನುವ ಡಾಕ್ಟರನ್ನು ನಾನಂತೂ ನಂಬಲ್ಲ.

ವಾರ್ಸಾ ವಾಸಿ

ಇಬ್ಬರೂ ಒಂದು ವಿಷಯ ಬಿಟ್ಟಿರಿ. ಪೋಲೆಂಡಿನ ಕಥೆ 1990ರಲ್ಲಿ ಶುರುವಾಗಿದ್ದಲ್ಲ. 1988ರ ಡಿಸೆಂಬರಿನಲ್ಲಿ, ಕಮ್ಯುನಿಸ್ಟ್ ಸರ್ಕಾರವೇ ಇದ್ದಾಗ, ಮಂತ್ರಿ ವಿಲ್ಚೆಕ್ ಒಂದು ಕಾನೂನು ತಂದರು. ಕಾನೂನು ಬೇಡ ಅನ್ನದ ಯಾವ ವ್ಯಾಪಾರವನ್ನಾದರೂ ಯಾರು ಬೇಕಾದರೂ ಮಾಡಬಹುದು ಅನ್ನುವುದು ಅದರ ತಿರುಳು. ಬಹುತೇಕ ಕಸುಬಿಗೆ ಹೆಸರು ನೋಂದಾಯಿಸಿದರೆ ಸಾಕಿತ್ತು.

ನನ್ನ ಹೆಂಡತಿ ಇಲ್ಲಿಯವಳು. ಅವಳ ಅಪ್ಪ ಮೇಷ್ಟ್ರು. 1990ರಲ್ಲಿ ಮನೆಯ ಮಡಚುವ ಮಂಚವನ್ನು ಫುಟ್‌ಪಾತಿನಲ್ಲಿ ಬಿಚ್ಚಿ, ಅದರ ಮೇಲೆ ಟರ್ಕಿಯಿಂದ ಬಂದ ಸ್ವೆಟರ್ ಹರಡಿಕೊಂಡು ಮಾರಿದರಂತೆ. ಮೊದಲ ದಿನ ತಮ್ಮದೇ ಶಿಷ್ಯ ಎದುರಿಗೆ ಬಂದನಂತೆ. ಇವರು ತಲೆ ತಗ್ಗಿಸಿದರು. ಅವನು ಒಂದು ಸ್ವೆಟರ್ ಕೊಂಡು, "ಸರ್, ನಾಳೆ ನಾನೂ ಪಕ್ಕದಲ್ಲಿ ಹಾಕಲಾ?" ಅಂತ ಕೇಳಿದನಂತೆ. ವಾರ್ಸಾ ತುಂಬಾ ಹೀಗೇ ಇತ್ತು. ನಗರದ ದೊಡ್ಡ ಸ್ಟೇಡಿಯಂ ಒಂದು ಭಾರಿ ಸಂತೆಯೇ ಆಗಿಹೋಗಿತ್ತು. ಈಗ ಅದೇ ಜಾಗದಲ್ಲಿ ಹೊಸ ರಾಷ್ಟ್ರೀಯ ಸ್ಟೇಡಿಯಂ ಇದೆ.

ನನಗೆ ಆರ್ಥಿಕ ಸ್ವಾತಂತ್ರ್ಯ ಅಂದರೆ ಆ ಮಂಚ. ಅಪ್ಪಣೆ ಕೇಳದೆ ಅಂಗಡಿ ಹಾಕಬಹುದು, ಯಾರೂ ಬಂದು ಎತ್ತಿಕೊಂಡು ಹೋಗಲ್ಲ. ಪೋಲೆಂಡ್ ಬೆಳೆದಿದ್ದು ಹಳೇ ಕಾರ್ಖಾನೆ ಮಾರಿದ್ದರಿಂದ ಅಲ್ಲ, ಹೀಗೆ ಹುಟ್ಟಿದ ಲಕ್ಷಾಂತರ ಹೊಸ ವ್ಯಾಪಾರಗಳಿಂದ.

ಮಂಡ್ಯದ ಹೈದ

ಈ ಮಂಚದ ಕಥೆ ಮನಸ್ಸಿಗೆ ನಾಟಿತು ಅಣ್ಣ. ನಮ್ಮೂರ ಸಂತೆಯಲ್ಲಿ ಸುಂಕ ವಸೂಲಿ ಮಾಡೋರ ಕಾಟಕ್ಕೆ ಸೊಪ್ಪು ಮಾರೋರು ಮೂಟೆ ಕಟ್ಟಿಕೊಂಡು ಓಡೋದು ನೆನಪಾಯ್ತು.

ಮೈಸೂರು ಪೇಟೆ

ಆದರೆ ಪೋಲೆಂಡ್ ಸರ್ಕಾರಿ ಕಾರ್ಖಾನೆಗಳನ್ನೆಲ್ಲ 1990ರಲ್ಲೇ ಮಾರಿಬಿಟ್ಟಿತ್ತಲ್ವಾ?

ಅರ್ಥಶಾಸ್ತ್ರದ ಮೇಷ್ಟ್ರು

ಇಲ್ಲ, ಇದು ತುಂಬಾ ಜನ ತಪ್ಪು ತಿಳಿದಿರುವ ವಿಷಯ. ಪೋಲೆಂಡ್ ಬೆಲೆ, ವ್ಯಾಪಾರ, ನೋಟು ಇವನ್ನು ಏಕ್‌ದಂ ಬಿಟ್ಟಿತು. ದೊಡ್ಡ ಕಾರ್ಖಾನೆಗಳನ್ನು ಮಾರುವುದರಲ್ಲಿ ನಿಧಾನ ಮಾಡಿತು. ಐನೂರಕ್ಕೂ ಹೆಚ್ಚು ಕಂಪನಿಗಳನ್ನು ಒಟ್ಟಿಗೆ ಖಾಸಗಿ ಮಾಡುವ ಯೋಜನೆ ಶುರುವಾಗಿದ್ದೇ 1995ರಲ್ಲಿ. ಅಲ್ಲಿಯವರೆಗೆ ಅವು ಸರ್ಕಾರದ್ದಾಗಿಯೇ ಇದ್ದವು. ಆದರೆ ಬೊಕ್ಕಸದಿಂದ ಬರುತ್ತಿದ್ದ ಸುಲಭದ ದುಡ್ಡು ನಿಂತಿತ್ತು. ಮಾರಿದರೆ ಸಂಬಳ, ಇಲ್ಲದಿದ್ದರೆ ಇಲ್ಲ. ಹೀಗಾದಾಗ ಸರ್ಕಾರಿ ಮ್ಯಾನೇಜರೂ ಗಿರಾಕಿ ಹುಡುಕಿಕೊಂಡು ಹೊರಟ.

ರಷ್ಯಾ ಇದನ್ನು ತಿರುಗಿಸಿ ಮಾಡಿತು. ನಿಯಮ, ಕೋರ್ಟು, ಷೇರುದಾರರ ರಕ್ಷಣೆ ಯಾವುದೂ ನೆಟ್ಟಗಿಲ್ಲದಾಗ ಆಸ್ತಿಯನ್ನು ಹಂಚಿತು. 1995ರಲ್ಲಿ ಸರ್ಕಾರ ಬ್ಯಾಂಕುಗಳಿಂದ ಸಾಲ ಪಡೆದು, ಅದಕ್ಕೆ ಅಡಮಾನವಾಗಿ ನೊರಿಲ್ಸ್ಕ್ ನಿಕಲ್, ಯುಕೋಸ್ ಥರದ ಕಂಪನಿಗಳ ಷೇರು ಇಟ್ಟಿತು. ಸಾಲ ತೀರಿಸಲಿಲ್ಲ. ಷೇರು ಸಾಲ ಕೊಟ್ಟವರ ಕೈಗೆ ಹೋಯ್ತು. ಇದನ್ನು ಮಾರುಕಟ್ಟೆ ಸ್ವಾತಂತ್ರ್ಯ ಅಂತ ಕರೆದರೆ ಆ ಪದಕ್ಕೇ ಅವಮಾನ.

ಪೋಲೆಂಡಿನ ಹಳ್ಳಿಯಲ್ಲಿ ಇನ್ನೊಂದು ಅನುಕೂಲ ಇತ್ತು. ಕಮ್ಯುನಿಸ್ಟರ ಕಾಲದಲ್ಲೂ ಹೆಚ್ಚಿನ ಜಮೀನು ರೈತರ ಹೆಸರಿನಲ್ಲೇ ಉಳಿದಿತ್ತು. ಉಕ್ರೇನಿನಲ್ಲಿ ಎರಡು ತಲೆಮಾರು ಸ್ವಂತ ಹೊಲ ಕಂಡಿರಲಿಲ್ಲ. ಸೋವಿಯತ್ ಹೋದ ಮೇಲೆ ಜಮೀನು ಕೊಟ್ಟರೂ 2001ರಲ್ಲಿ ಕೃಷಿ ಭೂಮಿ ಮಾರಾಟಕ್ಕೆ ತಡೆ ಹಾಕಿದರು. ಅದು ತೆರವಾಗಿದ್ದು 2021ರ ಜುಲೈನಲ್ಲಿ. ಇಪ್ಪತ್ತು ವರ್ಷ, ಹೊಲ ನಿಮ್ಮದು ಆದರೆ ಮಾರುವ ಹಾಗಿಲ್ಲ. ಬ್ಯಾಂಕು ಅಂಥ ಹೊಲದ ಮೇಲೆ ಸಾಲ ಕೊಡುತ್ತಾ?

ಕೆಂಪು ದಾಸವಾಳ

ಮೇಷ್ಟ್ರೇ, ಆ ತಡೆ ಇಲ್ಲದಿದ್ದರೆ ಉಕ್ರೇನಿನ ಕಪ್ಪು ಮಣ್ಣೆಲ್ಲ ಹತ್ತು ಜನ ಕುಬೇರರ ಕೈ ಸೇರುತ್ತಿತ್ತು. ರೈತರ ಭಯ ಸುಮ್ನೆ ಹುಟ್ಟಿದ್ದಲ್ಲ.

ಅರ್ಥಶಾಸ್ತ್ರದ ಮೇಷ್ಟ್ರು

ಭಯ ನಿಜ. ಆದರೆ ತಡೆ ಇದ್ದಾಗಲೂ ದೊಡ್ಡ ಕಂಪನಿಗಳು ಗುತ್ತಿಗೆಗೆ ಹಿಡಿದು ಲಕ್ಷಾಂತರ ಹೆಕ್ಟೇರ್ ಉಳುತ್ತಿದ್ದವು. ಗುತ್ತಿಗೆ ದುಡ್ಡು ಕಡಿಮೆ. ಮಾರುವ ದಾರಿ ಇಲ್ಲದ ಮುದುಕರು ಕೊಟ್ಟಷ್ಟು ತೆಗೆದುಕೊಳ್ಳಬೇಕಿತ್ತು.

ಬಳ್ಳಾರಿ ಬಿಸಿಲು

ಉಕ್ರೇನ್ ಅಂದಾಗ ಒಂದು ಘಟನೆ ಹೇಳಲೇಬೇಕು. ಉಕ್ಕಿನ ಊರಿನ ಪಕ್ಕದವನು ನಾನು, ಹಾಗಾಗಿ ನೆನಪಿದೆ. ಕ್ರಿವೊರಿಝ್‌ಸ್ಟಾಲ್ ಅನ್ನುವುದು ಆ ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆ. 2004ರಲ್ಲಿ ಸರ್ಕಾರ ಅದನ್ನು ಸುಮಾರು 80 ಕೋಟಿ ಡಾಲರಿಗೆ ಮಾರಿತು. ಕೊಂಡವರಲ್ಲಿ ಒಬ್ಬರು ಅಧ್ಯಕ್ಷ ಕುಚ್ಮಾ ಅವರ ಅಳಿಯ! ಹೊರಗಿನವರು ಜಾಸ್ತಿ ಕೊಡುತ್ತೇವೆ ಅಂದರೂ ಷರತ್ತುಗಳ ನೆಪದಲ್ಲಿ ಆಚೆ ಇಟ್ಟರು. ಆಮೇಲೆ ಚುನಾವಣೆಯ ಮೋಸದ ವಿರುದ್ಧ ಜನ ಬೀದಿಗಿಳಿದ ಕಿತ್ತಳೆ ಕ್ರಾಂತಿ ಆಯ್ತು. ಹೊಸ ಸರ್ಕಾರ ಆ ಮಾರಾಟ ರದ್ದು ಮಾಡಿತು. 2005ರ ಅಕ್ಟೋಬರಿನಲ್ಲಿ ಟೀವಿಯಲ್ಲಿ ನೇರ ಪ್ರಸಾರ ಮಾಡಿ ಹರಾಜು ಹಾಕಿದರು. ನಮ್ಮ ಲಕ್ಷ್ಮಿ ಮಿತ್ತಲ್ ಅವರ ಕಂಪನಿ 480 ಕೋಟಿ ಡಾಲರ್ ಕೊಟ್ಟು ತೆಗೆದುಕೊಂಡಿತು.

ಅದೇ ಕಾರ್ಖಾನೆ, ಒಂದು ವರ್ಷದ ಅಂತರ, ಆರು ಪಟ್ಟು ಬೆಲೆ. ಎರಡೂ ಸಲ ಆಗಿದ್ದು ಖಾಸಗೀಕರಣವೇ. ಬಾಗಿಲು ಮುಚ್ಚಿ ಮಾರಿದ್ದಕ್ಕೂ ತೆರೆದು ಮಾರಿದ್ದಕ್ಕೂ ಇರುವ ವ್ಯತ್ಯಾಸ ಅದು.

ಕಾಫಿತೋಟದ ಮಗಳು

ಇದು ನನಗೆ ಗೊತ್ತೇ ಇರಲಿಲ್ಲ! ಧನ್ಯವಾದ ಸರ್.

ತಾಲಿನ್ ಚಳಿ

ಎಸ್ಟೋನಿಯಾ ಬಗ್ಗೆ ಯಾರೂ ಮಾತಾಡಲಿಲ್ಲ, ಹಾಗಾಗಿ ನಾನೇ ಬರೆಯುತ್ತೇನೆ. ಇಲ್ಲಿನ ಜನಸಂಖ್ಯೆ ಸುಮಾರು 13 ಲಕ್ಷ, ನಮ್ಮ ಒಂದು ಜಿಲ್ಲೆಯಷ್ಟು. 1992ರ ಜೂನ್ 20ಕ್ಕೆ ರೂಬಲ್ ಬಿಟ್ಟು ಸ್ವಂತ ಕ್ರೂನ್ ತಂದರು. ಸೋವಿಯತ್ ಗಣರಾಜ್ಯಗಳಲ್ಲಿ ಇವರೇ ಮೊದಲು. ಒಬ್ಬೊಬ್ಬರಿಗೆ 1,500 ರೂಬಲ್‌ವರೆಗೆ ಮಾತ್ರ ಹತ್ತಕ್ಕೆ ಒಂದರಂತೆ ಬದಲಾಯಿಸಿಕೊಟ್ಟರು. ಅಂದರೆ ಕೈಗೆ ಬಂದಿದ್ದು 150 ಕ್ರೂನ್. ಒಂದು ಜರ್ಮನ್ ಮಾರ್ಕಿಗೆ 8 ಕ್ರೂನ್ ಅಂತ ಕಟ್ಟಿಹಾಕಿದರು. ಬೇಕಾಬಿಟ್ಟಿ ನೋಟು ಹಾಕುವ ದಾರಿಯೇ ಇಲ್ಲ. ಅದೇ ವರ್ಷ ಪ್ರಧಾನಿಯಾದ ಮಾರ್ಟ್ ಲಾರ್‌ಗೆ ಆಗ 32 ವರ್ಷ. ಆಮದು ಸುಂಕ ಹೆಚ್ಚುಕಮ್ಮಿ ಪೂರ್ತಿ ತೆಗೆದರು. 1994ರಲ್ಲಿ ಎಲ್ಲರಿಗೂ ಒಂದೇ ದರ, 26% ಆದಾಯ ತೆರಿಗೆ.

ನಾನು ಇಲ್ಲಿ ಸಣ್ಣ ಕಂಪನಿ ಶುರು ಮಾಡಿದಾಗ ನೋಂದಣಿ ಮನೆಯಲ್ಲೇ ಕೂತು, ಕಾಫಿ ಆರುವಷ್ಟರಲ್ಲಿ ಮುಗಿಯಿತು. ಲಾಭವನ್ನು ಹೊರಗೆ ತೆಗೆಯದೆ ಕಂಪನಿಯಲ್ಲೇ ಬಿಟ್ಟರೆ ಅದಕ್ಕೆ ತೆರಿಗೆ ಇಲ್ಲ, 2000ದಿಂದ ಹೀಗೇ ಇದೆ. ಇದರ ಬೆಲೆ ಏನು ಅಂತ ದಿನವೂ ಫೈಲು ಹಿಡಿದು ಅಲೆದವರಿಗೆ ಮಾತ್ರ ಗೊತ್ತು.

ಕೆಂಪು ದಾಸವಾಳ

ಸರ್, ಎಸ್ಟೋನಿಯಾ ಪುಟ್ಟ ದೇಶ, ಪಕ್ಕದಲ್ಲಿ ಫಿನ್‌ಲ್ಯಾಂಡು. ದುಡ್ಡು, ಮಾರುಕಟ್ಟೆ ಎರಡೂ ಅಲ್ಲಿಂದ ಬಂತು. ನೆರೆಯ ಲಾಟ್ವಿಯಾ, ಲಿಥುವೇನಿಯಾ ನೋಡಿ. 1989ರಲ್ಲಿ ಲಾಟ್ವಿಯಾದಲ್ಲಿ ಸುಮಾರು 27 ಲಕ್ಷ ಜನ ಇದ್ದರು, ಈಗ 19 ಲಕ್ಷಕ್ಕಿಂತ ಕಡಿಮೆ. ಬಲ್ಗೇರಿಯಾ 90 ಲಕ್ಷದ ಹತ್ತಿರ ಇದ್ದಿದ್ದು 65 ಲಕ್ಷ. ಹುಟ್ಟು ಕಡಿಮೆಯಾಯ್ತು, ಹುಡುಗರು ಐರ್ಲೆಂಡು, ಜರ್ಮನಿಗೆ ಹೋದರು. ತಲಾ ಆದಾಯ ಲೆಕ್ಕ ಹಾಕುವಾಗ ಖಾಲಿಯಾದ ಊರುಗಳು ಎಲ್ಲಿ ಬರುತ್ತವೆ?

ತಾಲಿನ್ ಚಳಿ

ಈ ಮಾತು ಒಪ್ಪಲೇಬೇಕು. ರಷ್ಯಾ ಗಡಿಯ ಕಡೆ ಹೋದರೆ ಇಡೀ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಕಿಟಕಿಗೆ ಮಾತ್ರ ಬೆಳಕಿರುತ್ತದೆ. 2009ರಲ್ಲಿ ಆರ್ಥಿಕತೆ 14% ಹತ್ತಿರ ಕುಸಿದಾಗಲೂ ತುಂಬಾ ಜನ ಹೋದರು. ಆದರೆ ಸೋವಿಯತ್ ಕಾಲದಲ್ಲಿ ದೇಶ ಬಿಟ್ಟು ಹೋಗಲೂ ಬಿಡುತ್ತಿರಲಿಲ್ಲ, ಅದನ್ನೂ ಹೇಳಿ.

ಡ್ರೆಸ್ಡೆನ್ ಡೈರಿ

ಪೂರ್ವ ಜರ್ಮನಿಯನ್ನೂ ಸೇರಿಸಿ. 1990ರ ಜುಲೈ 1ಕ್ಕೆ ಸಂಬಳವನ್ನೆಲ್ಲ ಒಂದಕ್ಕೆ ಒಂದರಂತೆ ಪಶ್ಚಿಮದ ಮಾರ್ಕಿಗೆ ಬದಲಾಯಿಸಿದರು. ಜನ ಹಬ್ಬ ಮಾಡಿದರು. ಆದರೆ ಅಲ್ಲಿನ ಕಾರ್ಖಾನೆಗಳು ಆ ಸಂಬಳ ಕೊಟ್ಟು ಪಶ್ಚಿಮದವರ ಎದುರು ನಿಲ್ಲುವುದು ಹೇಗೆ? ಟ್ರಾಬಾಂಟ್ ಕಾರಿಗೆ ಹತ್ತು ವರ್ಷಕ್ಕೂ ಮೇಲೆ ಕಾಯುತ್ತಿದ್ದವರು ಒಂದೇ ದಿನದಲ್ಲಿ ಅದನ್ನು ಬೇಡ ಅಂದರು. 1991ರ ಏಪ್ರಿಲ್ 30ಕ್ಕೆ ಟ್ರಾಬಾಂಟ್ ತಯಾರಿ ನಿಂತಿತು. ಕಾನೂನು, ಕೋರ್ಟು, ದುಡ್ಡು ಎಲ್ಲ ಪಶ್ಚಿಮ ಜರ್ಮನಿಯಿಂದ ರೆಡಿ ಸಿಕ್ಕಿತ್ತು. ಆದರೂ ನನ್ನ ಮನೆ ಓನರಮ್ಮ ಇವತ್ತಿಗೂ ಆ ವರ್ಷಗಳ ಮಾತು ಬಂದರೆ ಕಣ್ಣೀರು ಹಾಕುತ್ತಾರೆ.

ಮಂಡ್ಯದ ಹೈದ

ಹತ್ತು ವರ್ಷ ಕಾಯೋದಾ! ನಮ್ಮ ತಾತ ಬಜಾಜ್ ಸ್ಕೂಟರ್ ಬುಕ್ ಮಾಡಿದ್ದು ಮಗಳು ಹುಟ್ಟಿದಾಗ, ಬಂದಿದ್ದು ಅವಳು ಸ್ಕೂಲಿಗೆ ಹೋಗೋವಾಗ. ನಾವೂ ಏನು ದೂರ ಇರಲಿಲ್ಲ.

ಸಕಲೇಶಪುರದವ

ವಿಷಯ ಬೇರೆ ಕಡೆ ಹೋಗುತ್ತೆ ಅನ್ನಿಸಿದರೆ ಕ್ಷಮಿಸಿ. ಆದರೆ ಸೋವಿಯತ್ ಬಿದ್ದಿದ್ದು ನಮ್ಮ ಮನೆ ಅಂಗಳಕ್ಕೂ ಬಂದಿತ್ತು. ಆಗ ಬೆಳೆದ ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿನ, ಎಲ್ಲರ ಬೆಳೆ ಒಟ್ಟಿಗೆ ಸೇರಿಸುವ ಪೂಲ್‌ಗೆ ಕೊಡಬೇಕಿತ್ತು. ಸ್ವಂತಕ್ಕೆ ಮಾರುವ ಹಾಗಿರಲಿಲ್ಲ. ದುಡ್ಡು ಕಂತಿನಲ್ಲಿ ಬರುತ್ತಿತ್ತು. ಈ ವರ್ಷದ ಬೆಳೆಗೆ ಕೊನೆಯ ಕಂತು ಯಾವಾಗ ಅಂತ ಕೇಳಿದರೆ ಅಪ್ಪ ಆಕಾಶ ನೋಡುತ್ತಿದ್ದರು. ಆ ಕಾಫಿಯಲ್ಲಿ ದೊಡ್ಡ ಪಾಲು ರೂಪಾಯಿ ಲೆಕ್ಕದಲ್ಲಿ ರಷ್ಯಾಕ್ಕೆ ಹೋಗುತ್ತಿತ್ತು. 1991ರಲ್ಲಿ ಕೊಳ್ಳುವ ದೇಶವೇ ಇಲ್ಲವಾಯ್ತು.

ಆಮೇಲೆ ಇಲ್ಲೂ ಹಿಡಿತ ಸಡಿಲವಾಯ್ತು. ಮೊದಲು ಒಂದು ಪಾಲು, 1996ರ ಹೊತ್ತಿಗೆ ಪೂರ್ತಿ ಬೆಳೆ ಯಾರಿಗೆ ಬೇಕಾದರೂ ಮಾರಬಹುದು ಅಂದರು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ರೇಟು ಗಗನಕ್ಕೆ ಹೋಯ್ತು. ಅಪ್ಪ ಮೊದಲ ಸಲ ವ್ಯಾಪಾರಿಗೆ ನೇರ ಮಾರಿ, ನೋಟಿನ ಕಟ್ಟು ದೇವರ ಮುಂದೆ ಇಟ್ಟಿದ್ದು ನನ್ನ ಕಣ್ಣಲ್ಲೇ ಇದೆ. ಅದೇ ಅಪ್ಪ 2001ರಲ್ಲಿ ರೇಟು ಪಾತಾಳಕ್ಕೆ ಬಿದ್ದಾಗ, ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ಗಿಡದಲ್ಲೇ ಬಿಟ್ಟರು. "ಬೋರ್ಡೇ ವಾಪಸ್ ಬರಲಿ ಅನ್ನಿಸುತ್ತಾ?" ಅಂತ ಕೇಳಿದ್ದೆ. "ಬೇಡ. ಆದರೆ ಬಿದ್ದಾಗ ಹಿಡಿಯೋರು ಒಬ್ಬರು ಬೇಕು" ಅಂದರು.

ಕಾಫಿತೋಟದ ಮಗಳು

ಸಕಲೇಶಪುರದಣ್ಣ, ನಮ್ಮದು ಮೂಡಿಗೆರೆ ಕಡೆ, ನಮ್ಮ ಮನೆಯಲ್ಲೂ ಇದೇ ಕಥೆ.

ಅರ್ಥಶಾಸ್ತ್ರದ ಮೇಷ್ಟ್ರು

ಹಿಡಿಯೋರು ಒಬ್ಬರು ಬೇಕು ಅನ್ನುವುದು ಪೋಲೆಂಡಿಗೂ ಹೊಂದುತ್ತದೆ. ಅವರಿಗೆ ಹಿಡಿಯೋರು ಇದ್ದರು. 1991ರಲ್ಲಿ ಸಾಲ ಕೊಟ್ಟ ದೇಶಗಳು ಅವರ ಸಾಲದ ಅರ್ಧ ಹೊರೆ ಇಳಿಸಿದವು. 2004ರಲ್ಲಿ ಐರೋಪ್ಯ ಒಕ್ಕೂಟ ಸೇರಿಕೊಂಡು ರಸ್ತೆ, ರೈಲಿಗೆ ಭಾರಿ ಹಣ ಪಡೆದರು. ಒಕ್ಕೂಟ ಸೇರುವ ಆಸೆಗೇ ಎಷ್ಟೋ ಕಾನೂನು ಸರಿಯಾದವು. ಉಕ್ರೇನಿಗೆ ಆ ಬಾಗಿಲನ್ನು ಯಾರೂ ತೆರೆದಿರಲಿಲ್ಲ.

1993ರಲ್ಲಿ ಪೋಲೆಂಡಿನಲ್ಲಿ ನಿರುದ್ಯೋಗ 16% ಮುಟ್ಟಿತ್ತು. ಜನ ಸಿಟ್ಟಿಗೆದ್ದು ಹಳೇ ಕಮ್ಯುನಿಸ್ಟರ ಪಕ್ಷವನ್ನೇ ಗೆಲ್ಲಿಸಿದರು. ಅವರು ಬಂದು ಸುಧಾರಣೆ ಕಿತ್ತುಹಾಕಲಿಲ್ಲ, ವೇಗ ಹೊಂದಿಸಿಕೊಂಡರು. ಜನರ ನೋವು ಮತದ ಮೂಲಕ ಸರ್ಕಾರಕ್ಕೆ ಮುಟ್ಟಿತು. ನನಗೆ ಇದು ಬೆಲೆ ನೀತಿಯಷ್ಟೇ ದೊಡ್ಡ ಕಾರಣ. 1992ರಿಂದ ಕೊರೊನಾ ಬರುವವರೆಗೆ ಒಂದು ವರ್ಷವೂ ಕುಸಿಯದೆ ಬೆಳೆದ ದೇಶ ಅದು.

ಬಯಲುಸೀಮೆ

ಮೇಷ್ಟ್ರೇ, ಬೆಲಾರುಸ್? ಏನೂ ಖಾಸಗಿ ಮಾಡದೆ ಅವರೂ ಹತ್ತು ಹನ್ನೆರಡು ವರ್ಷ ಬೆಳೆದರಲ್ಲ. ನಾನು ನನ್ನ ವಾದಕ್ಕೇ ವಿರುದ್ಧ ಕೇಳುತ್ತಿದ್ದೇನೆ.

ಅರ್ಥಶಾಸ್ತ್ರದ ಮೇಷ್ಟ್ರು

ಬೆಳೆದರು, ರಷ್ಯಾ ಅಗ್ಗಕ್ಕೆ ಎಣ್ಣೆ, ಗ್ಯಾಸು ಕೊಡುವವರೆಗೆ. ಅದು ಕಡಿಮೆಯಾದ ಮೇಲೆ 2010ರ ದಶಕವಿಡೀ ಹೆಚ್ಚುಕಮ್ಮಿ ನಿಂತಲ್ಲೇ ನಿಂತರು. ಆದರೂ 1990ರ ದಶಕದಲ್ಲಿ ರಷ್ಯಾದವರು ಕಂಡ ಬೀದಿಪಾಲು ಅಲ್ಲಿನ ಜನ ಅಷ್ಟಾಗಿ ಕಾಣಲಿಲ್ಲ, ಅದನ್ನು ಮುಚ್ಚಿಡಬಾರದು.

ಮಂಡ್ಯದ ಹೈದ

ವುಚ್‌ನಲ್ಲಿ ವೆಜ್ ಊಟ ಸಿಗುತ್ತಾ ಅಕ್ಕ? ಮುಂದಿನ ತಿಂಗಳು ಆಫೀಸಿನವರು ಕಳಿಸ್ತಿದ್ದಾರೆ.

ವಾರ್ಸಾ ವಾಸಿ

"ಬಾರ್ ಮ್ಲೆಚ್ನಿ" ಅಂತ ಬೋರ್ಡ್ ಹುಡುಕಿ, ಹಾಲಿನ ಹೋಟೆಲು ಅಂತ ಅರ್ಥ. ಆಲೂಗಡ್ಡೆ, ಗಿಣ್ಣಿನ ಥರದ ಚೀಸ್ ತುಂಬಿದ ಪಿಯೆರೋಗಿ ಕೇಳಿ, ನಮ್ಮ ಕಡುಬಿನ ಹಾಗಿರುತ್ತೆ. ಮೇಲೆ ಹಂದಿ ಕೊಬ್ಬು ಹಾಕಬೇಡಿ ಅಂತ ಮೊದಲೇ ಹೇಳಿ. ಕಮ್ಯುನಿಸ್ಟ್ ಕಾಲದ ಹೋಟೆಲುಗಳು ಇವು, ಈಗಲೂ ಸರ್ಕಾರದ ಸಬ್ಸಿಡಿ ಇದೆ. ಮಾರುಕಟ್ಟೆ ಬಂದ ಮೇಲೂ ಎಲ್ಲವನ್ನೂ ಕಿತ್ತೆಸೆಯಲಿಲ್ಲ ನೋಡಿ.

ಕಾಫಿತೋಟದ ಮಗಳು

ಇವತ್ತು ಅಜ್ಜಿಗೆ ನಿಮ್ಮೆಲ್ಲರ ಮಾತು ಸುಮಾರಾಗಿ ಹೇಳಿದೆ. ಕೇಳಿಸಿಕೊಂಡು ಎದ್ದು ಹೋಗಿ ಇನ್ನೊಂದು ಫೈಲು ತಂದರು. ಗಿರಣಿಯ ಸಂಬಳದ ದಾಖಲೆಗಳ ನಕಲು. ಗಿರಣಿ ಮುಚ್ಚಿ ಎಷ್ಟೋ ವರ್ಷದ ಮೇಲೆ ಪಿಂಚಣಿ ಲೆಕ್ಕ ಹಾಕುವಾಗ ಹಳೇ ಸಂಬಳದ ಪುರಾವೆ ಕೇಳಿದರಂತೆ. ಗಿರಣಿಯೇ ಇಲ್ಲ, ಎಲ್ಲಿಂದ ತರುವುದು? ಆದರೆ ಅದರ ಕಾಗದಗಳನ್ನು ಒಂದು ದಾಖಲೆ ಭಂಡಾರಕ್ಕೆ ಕೊಟ್ಟಿದ್ದರು. ಎರಡು ಬಸ್ಸು ಬದಲಾಯಿಸಿ ಹೋಗಿ, ಅರ್ಜಿ ಕೊಟ್ಟು, ಇಪ್ಪತ್ತನಾಲ್ಕು ವರ್ಷದ ಲೆಕ್ಕ ತಂದರು. ಅವರ ಜೊತೆ ಕೆಲಸ ಮಾಡಿದ ಇನ್ನೊಬ್ಬರ ಗಿರಣಿಯ ಕಾಗದ ಕಳೆದುಹೋಗಿತ್ತು, ಆಕೆಗೆ ಕಡಿಮೆ ಪಿಂಚಣಿ ಬರುತ್ತದಂತೆ.

"ಮಂತ್ರಿ ಯಾರಿದ್ದರು ಅಂತ ನನಗೆ ನೆನಪಿಲ್ಲ. ಆ ರಿಜಿಸ್ಟರ್ ಯಾರು ಜೋಪಾನ ಮಾಡಿದರೋ ಅವರ ಹೆಸರು ತಿಳಿದಿದ್ದರೆ ಚೆನ್ನಾಗಿತ್ತು" ಅಂದರು.

ಲೆಕ್ಕದ ಟೀಚರ್

ಮೇಡಂ, ಆ ಫೈಲಿನಲ್ಲಿ 1989, 1990ರ ಸಂಬಳ ಎಷ್ಟಿದೆ ಅಂತ ನೋಡಲು ಸಾಧ್ಯವಾ? ಹಳೇ ಝ್ಲೋಟಿಯಲ್ಲಿ ಇರುತ್ತದೆ. 1995ರಲ್ಲಿ 10,000ಕ್ಕೆ ಒಂದು ಹೊಸ ಝ್ಲೋಟಿ ಮಾಡಿದರು, ನಾಲ್ಕು ಸೊನ್ನೆ ತೆಗೆದು ಓದಿ. ಅಂಕಿ ಸಿಕ್ಕರೆ ಇಲ್ಲಿ ಹಾಕಿ, ಕೂತು ಲೆಕ್ಕ ಮಾಡೋಣ.

ಕಾಫಿತೋಟದ ಮಗಳು

ಭಾನುವಾರ ಅವರ ಮನೆಗೆ ಹೋಗುತ್ತೇನೆ. ಕೇಳಿ ಹಾಕುತ್ತೇನೆ ಸರ್.